ಗುಡ್ಡ, ಹೊಲ, ಕಾಡಂಚಿಗೆ ಯಾವ ಚಾಕು? ಎರಡು ಸ್ವೀಡನ್ ಚಾಕು, ಒಂದು ಕುಲುಮೆಯ ಚಾಕು

ಹೊರಗೆ ತಿರುಗುವವರಿಗೆ ಬೇಕಾದ ಮಡಚದ ಚಾಕುವಿನ ಅಳತೆಯನ್ನು ಮೊದಲೇ ಹೇಳಿಬಿಡುತ್ತೇವೆ. ಅಲಗು 10ರಿಂದ 12 ಸೆಂ.ಮೀ. ಉದ್ದ, ಬೆನ್ನು 2.5ರಿಂದ 3.5 ಮಿ.ಮೀ. ದಪ್ಪ, ಹಿಡಿಕೆ 11 ಸೆಂ.ಮೀ.ಗೆ ಕಡಿಮೆ ಇಲ್ಲ, ಒರೆ ಬಿಟ್ಟು ತೂಕ 200 ಗ್ರಾಂ ಒಳಗೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಸೀಮೆಯಲ್ಲಿ ಇಂಥ ಚಾಕುವಿಗೆ ಬೀಳುವ ಕೆಲಸ ಇಷ್ಟು: ಹಗ್ಗ ಕೊಯ್ಯುವುದು, ಟೆಂಟಿನ ಗೂಟ ಚೂಪು ಮಾಡುವುದು, ಒಲೆ ಹೊತ್ತಿಸಲು ಒಣ ಕಟ್ಟಿಗೆಯಿಂದ ತೆಳ್ಳನೆಯ ಎಳೆ ಎಬ್ಬಿಸುವುದು, ಮಣಿಕಟ್ಟಿನ ದಪ್ಪದ ಕಟ್ಟಿಗೆ ಸೀಳುವುದು, ಉಳ್ಳಾಗಡ್ಡಿ, ಮೆಣಸಿನಕಾಯಿ ಹೆಚ್ಚುವುದು, ಬೂಟಿನ ಅಟ್ಟೆಗೆ ನಟ್ಟ ಜಾಲಿಮುಳ್ಳು ಕೀಳುವುದು, ಯಾರಿಗಾದರೂ ಪೆಟ್ಟಾದಾಗ ಬಟ್ಟೆ ಕೊಯ್ದು ಪಟ್ಟಿ ಮಾಡುವುದು. ಮರ ಕಡಿಯುವುದು ಇದರಲ್ಲಿ ಇಲ್ಲ. ಅದಕ್ಕೆ ಕೊಡ್ಲಿ ಇದೆ. ಚಾಕುವಿನಿಂದ ಕೊಡ್ಲಿಯ ಕೆಲಸ ಬಯಸುವವರೇ 6 ಮಿ.ಮೀ. ದಪ್ಪದ ಚಾಕು ಕೊಂಡು, ಅದರಿಂದ ಉಳ್ಳಾಗಡ್ಡಿಯನ್ನೂ ನೆಟ್ಟಗೆ ಹೆಚ್ಚಲಾಗದೆ ಕಪಾಟಿನಲ್ಲಿ ಇಟ್ಟುಬಿಡುತ್ತಾರೆ.

ದಪ್ಪದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಜನ ಮೋಸ ಹೋಗುವುದು ಇಲ್ಲೇ. ಅಲಗು ದಪ್ಪ ಇದ್ದಷ್ಟೂ ಅದು ಕೊಯ್ಯುವುದಿಲ್ಲ, ಸೀಳುತ್ತದೆ. ಗೆಣಸಿಗೆ ಹಾಕಿ ನೋಡಿ: 3 ಮಿ.ಮೀ. ಅಲಗು ಸರಾಗ ಇಳಿಯುತ್ತದೆ, 6 ಮಿ.ಮೀ. ಅಲಗು ಅರ್ಧಕ್ಕೆ ಬರುವಷ್ಟರಲ್ಲಿ ಗೆಣಸು ಟಪ್ ಎಂದು ಒಡೆಯುತ್ತದೆ. ಅಮೆರಿಕದ ಕಾ-ಬಾರ್ ಬಿಕೆ-2 ಈ ದಪ್ಪ ಜಾತಿಯ ಪ್ರಸಿದ್ಧ ಚಾಕು. ಬೆನ್ನು ಕಾಲು ಇಂಚು, ತೂಕ ಅರ್ಧ ಕಿಲೋ ಸಮೀಪ. ಉಕ್ಕೂ ಚೆನ್ನ, ಕೆಲಸವೂ ಗಟ್ಟಿ. ಆದರೆ ಚಳಿದೇಶದಲ್ಲಿ ರಾತ್ರಿಯಿಡೀ ಬೆಂಕಿಗೆ ದಿಮ್ಮಿ ಸೀಳಬೇಕಾದವರಿಗೆ ಹುಟ್ಟಿದ ತೂಕ ಅದು. ಬಯಲುಸೀಮೆಯ ಬಿಸಿಲಲ್ಲಿ ಸೊಂಟಕ್ಕೆ ಕಟ್ಟಿಕೊಂಡು ಹತ್ತು ಕಿಲೋಮೀಟರ್ ನಡೆಯುವವರಿಗೆ ಅಲ್ಲ.

ಇಲ್ಲಿ ತೂಗಿ ನೋಡುತ್ತಿರುವುದು ಮೂರು ಚಾಕು. ಸ್ವೀಡನ್ನಿನ ಮೋರಾಕ್ನಿವ್ ಕಂಪನಿಯ ಕಂಪ್ಯಾನಿಯನ್, ಅದೇ ಕಂಪನಿಯ ಗಾರ್ಬರ್ಗ್, ಮತ್ತು ನಮ್ಮೂರ ಕುಲುಮೆಯಲ್ಲಿ ಲಾರಿಯ ಕಮಾನು ಪಟ್ಟಿಯಿಂದ ಮಾಡಿಸಬಹುದಾದ ಚಾಕು. ಗರಗಸದ ಹಲ್ಲು ಬೆನ್ನಿನ ಮೇಲೆ, ದಿಕ್ಸೂಚಿ ಹಿಡಿಕೆಯ ಬುಡದಲ್ಲಿ, ಒಳಗೆ ಗಾಳ ಮತ್ತು ಬೆಂಕಿಕಡ್ಡಿ ಇರುವ ಟೊಳ್ಳು ಹಿಡಿಕೆಯ ಚಾಕುವನ್ನು ತೂಕಕ್ಕೇ ಹಾಕಿಲ್ಲ. ಕಾರಣ ಹೇಳದೆ ಬಿಡುವುದು ನ್ಯಾಯವಲ್ಲ. ಅದರ ಅಲಗು ಹಿಡಿಕೆಯೊಳಗೆ ಒಂದೆರಡು ಸೆಂ.ಮೀ. ಮಾತ್ರ ಹೋಗಿ, ಅಲ್ಲಿ ಒಂದು ನಟ್ಟಿನ ಮೇಲೆ ನಿಂತಿರುತ್ತದೆ. ಪೆಟ್ಟಿನ ಭಾರವೆಲ್ಲ ಆ ಬೆರಳಗಲದ ಜಾಗದ ಮೇಲೆ. ಮೊದಲು ನಟ್ಟು ಸಡಿಲಾಗಿ ಅಲಗು ಕುಣಿಯುತ್ತದೆ, ಆಮೇಲೆ ಮುರಿಯುತ್ತದೆ. ಮುರಿದ ಅಲಗು ಎತ್ತ ಹಾರೀತು ಎಂದು ಹೇಳಲಾಗದು. ಬೆನ್ನ ಮೇಲಿನ ಗರಗಸಕ್ಕೆ ಹಲ್ಲು ಎಡಬಲಕ್ಕೆ ಬಾಗಿರುವುದಿಲ್ಲ, ಹಾಗಾಗಿ ಹಸಿ ಕಟ್ಟಿಗೆಯಲ್ಲಿ ಅರ್ಧ ಸೆಂ.ಮೀ. ಇಳಿಯುವ ಮೊದಲೇ ಸಿಕ್ಕಿಕೊಳ್ಳುತ್ತದೆ. ಆ ಹಲ್ಲಿನ ಮೇಲೆ ಹೆಬ್ಬೆರಳು ಇಡಲಾಗದು, ಕೋಲಿನಿಂದ ಹೊಡೆಯಲಾಗದು. ಹಲ್ಲಿನ ಬುಡದ ಪ್ರತಿ ಮೂಲೆಯೂ ಬಿರುಕು ಶುರುವಾಗುವ ಜಾಗ.

ಅಲ್ಲಿಂದ ಬರುವ ಮಾತು ಟ್ಯಾಂಗ್. ಅಲಗಿನ ಉಕ್ಕು ಹಿಡಿಕೆಯೊಳಗೆ ಮುಂದುವರಿಯುವ ಭಾಗಕ್ಕೆ ಆ ಹೆಸರು. ಹಿಡಿಕೆಯಷ್ಟೇ ಅಗಲವಾಗಿ ತುದಿವರೆಗೆ ಹೋದರೆ ಫುಲ್ ಟ್ಯಾಂಗ್. ಹಿಡಿಕೆ ಸೀಳಿದರೂ ಉಕ್ಕಿಗೆ ಹಗ್ಗ ಸುತ್ತಿ ಕೆಲಸ ಮುಗಿಸಬಹುದು. ಇಲಿಬಾಲದ ಹಾಗೆ ಸಣ್ಣಗಾಗಿ ಹೋದದ್ದು ಹಗುರ, ಅಗ್ಗ, ಕೊಯ್ಯುವ ಕೆಲಸಕ್ಕೆ ಸಾಕು. ಬಡಿಯುವ ಕೆಲಸಕ್ಕೆ ಮಾತ್ರ ಫುಲ್ ಟ್ಯಾಂಗ್ ಬೇಕು.

ಕಂಪ್ಯಾನಿಯನ್ ಚಾಕುವಿನ ಟ್ಯಾಂಗ್ ಹಿಡಿಕೆಯ ತುದಿವರೆಗೆ ಹೋಗುವುದಿಲ್ಲ. ಇದನ್ನು ದೊಡ್ಡ ದೋಷವೆಂದು ಹೇಳುವವರು ಬಹಳ. ನಮ್ಮ ಮತ ಬೇರೆ. ಅಲಗು ಸುಮಾರು 10 ಸೆಂ.ಮೀ., ಸ್ಟೇನ್‌ಲೆಸ್ ಮಾದರಿಯ ಬೆನ್ನು 2.5 ಮಿ.ಮೀ. ಎರಡೂ ಬದಿಯ ಇಳಿಜಾರು ಸೇರಿ ಸುಮಾರು 25 ಡಿಗ್ರಿ, ಬಾಯಿಯವರೆಗೆ ಒಂದೇ ಸಪಾಟು. ಸ್ಕ್ಯಾಂಡಿ ಎಂದು ಕರೆಯುವ ಈ ಕಡೆತದಿಂದಲೇ ಕಟ್ಟಿಗೆಯ ಮೇಲೆ ಎಳೆ ಎಬ್ಬಿಸುವಾಗ ಅದು ಬಡಿಗನ ಉಳಿಯ ಹಾಗೆ ನಡೆಯುತ್ತದೆ. ರಬ್ಬರಿನಂಥ ಹಿಡಿಕೆ ಬೆವರಿದ ಕೈಯಲ್ಲಿ ಜಾರುವುದಿಲ್ಲ, ಮುಂದೆ ಬೆರಳು ಜಾರದಂತೆ ಸಣ್ಣ ಉಬ್ಬು ಇದೆ. ಕೊರತೆ ಎರಡು. ಕಾಲು ಮಡಚಿ ಕೂತು ಕಟ್ಟಿಗೆ ಬಡಿದು ಸೀಳುತ್ತೇನೆ ಎಂದರೆ ಇದು ಆ ಚಾಕುವಲ್ಲ. ಕಿರುಬೆರಳು ದಪ್ಪದ ಕಡ್ಡಿಗೆ ನಡೆದೀತು, ಗಂಟಿರುವ ಕರಿಜಾಲಿಗೆ ಖಂಡಿತ ಬೇಡ. ಮತ್ತೊಂದು, ಬೆನ್ನಿನ ಅಂಚು ದುಂಡಗೆ ಇರುವುದರಿಂದ ಬೆಂಕಿಸರಳನ್ನು (ಒಲೆ ಹೊತ್ತಿಸಲು ಕಿಡಿ ಉದುರಿಸುವ ಲೋಹದ ಕಡ್ಡಿ) ಗೀರಿದರೆ ಕಿಡಿ ಸರಿಯಾಗಿ ಬೀಳುವುದಿಲ್ಲ. ಹಿಡಿಕೆಯ ಹತ್ತಿರದ 3 ಸೆಂ.ಮೀ. ಬೆನ್ನನ್ನು ಒರಟು ಸಾಣೆಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ ಉಜ್ಜಿ, ಮೂಲೆ ಚೌಕ ಮಾಡಿಕೊಂಡರೆ ಈ ಕೊರತೆ ತೀರುತ್ತದೆ. ಉಗುರಿನ ಮೇಲೆ ಬೆನ್ನನ್ನು ಎಳೆದಾಗ ಬಿಳಿ ಪುಡಿ ಎದ್ದರೆ ಮೂಲೆ ಸಾಕಷ್ಟು ಚೌಕಾಗಿದೆ ಎಂದರ್ಥ.

ಗಾರ್ಬರ್ಗ್ ಅದೇ ಮನೆತನದ ಹಿರಿಯಣ್ಣ. ಅಲಗು 109 ಮಿ.ಮೀ., ಬೆನ್ನು 3.2 ಮಿ.ಮೀ., ಟ್ಯಾಂಗ್ ಹಿಡಿಕೆಯ ತುದಿ ದಾಟಿ ಹೊರಗೆ ಕಾಣುತ್ತದೆ, ಬೆನ್ನು ಚೌಕಾಗಿಯೇ ಬರುತ್ತದೆ. ಉಕ್ಕು 14ಸಿ28ಎನ್, ಅಂದರೆ ಇಂಗಾಲ ಶೇ 0.6ರ ಆಸುಪಾಸು, ಕ್ರೋಮಿಯಂ ಶೇ 14, ಜೊತೆಗೆ ಒಂದಿಷ್ಟು ನೈಟ್ರೋಜನ್. ಈ ನೈಟ್ರೋಜನ್ನಿನಿಂದಲೇ ಅದು ಗಟ್ಟಿತನ ಬಿಡದೆ ಜಂಗನ್ನೂ ತಡೆಯುತ್ತದೆ. ಬಡಿಯಬಹುದು, ಮೀಟಬಹುದು. ಬೆಲೆ ಕಂಪ್ಯಾನಿಯನ್ನಿನ ಹಲವು ಪಟ್ಟು. ಹಿಡಿಕೆ ಗಟ್ಟಿ ಪ್ಲಾಸ್ಟಿಕ್ಕು, ಆಕಾರ ದುಂಡಗಿನದು. ದೊಡ್ಡ ಕೈಗೆ ಹಿತ, ಸಣ್ಣ ಕೈಗೆ ಕೊಂಚ ತಿರುಗಿದಂತೆ ಅನಿಸೀತು. ಕೊಳ್ಳುವ ಮೊದಲು ಹಿಡಿದು ನೋಡಲು ಆದರೆ ನೋಡಿ. ತಿಂಗಳಿಗೊಮ್ಮೆ ಗುಡ್ಡ ಹತ್ತುವವರಿಗೆ ಕಂಪ್ಯಾನಿಯನ್ ಸಾಕು, ಉಳಿದ ಹಣಕ್ಕೆ ಒಳ್ಳೆಯ ಸಾಣೆಕಲ್ಲು ಕೊಳ್ಳಲಿ. ಮಳೆಗಾಲದಲ್ಲಿ ಕಲಘಟಗಿ, ಅಳ್ನಾವರ ದಾಟಿ ಘಟ್ಟದ ಕಡೆ ದಿನಗಟ್ಟಲೆ ಇರುವವರಿಗೆ ಗಾರ್ಬರ್ಗ್ ದುಬಾರಿಯಲ್ಲ.

ಈಗ ಕುಲುಮೆಯ ಚಾಕು. ನಮಗೆ ಹೆಚ್ಚು ಹೇಳಬೇಕೆನಿಸುವುದು ಇದರ ಬಗ್ಗೆಯೇ, ಯಾಕೆಂದರೆ ಚೆನ್ನಾಗಿ ಆದರೆ ಇದು ಗಾರ್ಬರ್ಗ್ ಜೊತೆ ಹೆಗಲೆಣೆ ನಿಲ್ಲುತ್ತದೆ, ಕೆಟ್ಟರೆ ಬಾಳೆಹಣ್ಣಿಗೂ ಬರುವುದಿಲ್ಲ. ಕೆಡುವುದು ಉಕ್ಕಿನಿಂದಲ್ಲ, ಹದದಿಂದ, ಅಂದರೆ ಅದನ್ನು ಕಾಯಿಸಿ ತಣಿಸುವ ರೀತಿಯಿಂದ. ಲಾರಿಯ ಕಮಾನು ಪಟ್ಟಿಯ ಉಕ್ಕಿನಲ್ಲಿ ಇಂಗಾಲ ಸಾಮಾನ್ಯವಾಗಿ ಶೇ 0.5ರಿಂದ 0.6. ಮುರಿಯದೆ ಬಾಗುವ ಗುಣ ಹುಟ್ಟಿನಿಂದ ಬಂದದ್ದು. ಹುಬ್ಬಳ್ಳಿಯಂಥ ಲಾರಿ ಊರಿನಲ್ಲಿ ಗುಜರಿಯಲ್ಲಿ ಈ ಪಟ್ಟಿಗೆ ಬರವಿಲ್ಲ. ಆದರೆ ವರ್ಷಗಟ್ಟಲೆ ಭಾರ ಹೊತ್ತ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರುತ್ತದೆ, ಅದರಲ್ಲೂ ನಡುವಿನ ಬೋಲ್ಟಿನ ತೂತಿನ ಸುತ್ತ. ಆ ತೂತಿನಿಂದ ಒಂದು ಗೇಣು ಬಿಟ್ಟು ಕತ್ತರಿಸಿಕೊಳ್ಳಿ. ಹೊಸ ಪಟ್ಟಿಯ ತುಂಡು ಸಿಕ್ಕರೆ ಇನ್ನೂ ಒಳ್ಳೆಯದು.

ಕಮ್ಮಾರರಿಗೆ ಹೇಳಬೇಕಾದ್ದನ್ನು ಬರೆದುಕೊಂಡು ಹೋಗಿ. ನಮ್ಮ ಕಮ್ಮಾರರ ಕೈ ಪಳಗಿರುವುದು ಕುಡಗೋಲು, ಕುರ್ಪಿ, ಕೊಡ್ಲಿಯ ಮೇಲೆ. ಅವಕ್ಕೆ ಬಾಯಿಯನ್ನಷ್ಟೇ ಕೆಂಪಗೆ ಕಾಯಿಸಿ ನೀರಿಗೆ ಅದ್ದುವುದು ರೂಢಿ, ಅವುಗಳ ಕೆಲಸಕ್ಕೆ ಅದು ಸರಿಯಾದದ್ದೇ. ತೆಳ್ಳನೆಯ ಚಾಕುವನ್ನು ಹಾಗೆ ನೀರಿಗೆ ಅದ್ದಿದರೆ ಒಂದೋ ಸೊಟ್ಟಗಾಗುತ್ತದೆ, ಇಲ್ಲವೇ ಟಿಣ್ ಎಂದು ಬಿರುಕು ಬಿಡುತ್ತದೆ. ಈ ಉಕ್ಕಿಗೆ ಎಣ್ಣೆಯೇ ಆಗಬೇಕು. ಪಟ್ಟಿಯನ್ನು ಬಡಿದು ಬೆನ್ನಿನಲ್ಲಿ 3.5 ಮಿ.ಮೀ.ಗೆ ಇಳಿಸಿ, ಬಾಯಿಯನ್ನು ಹದಕ್ಕೆ ಮೊದಲು ಪೂರ್ತಿ ತೆಳ್ಳಗೆ ಮಾಡದೆ ಒಂದು ಮಿ.ಮೀ. ಉಳಿಸಲಿ, ತೀರ ತೆಳುವಾದ ಬಾಯಿ ಎಣ್ಣೆಯಲ್ಲಿ ಅಲೆಯಂತೆ ಸುರುಟಿಕೊಳ್ಳುತ್ತದೆ. ಬಡಿದಾದ ಮೇಲೆ ಮೂರು ಸಲ ಕೆಂಪಗೆ ಕಾಯಿಸಿ ಗಾಳಿಯಲ್ಲಿ ಆರಲು ಬಿಡಬೇಕು. ಬಡಿತದಿಂದ ಒಳಗೆ ಉಳಿದ ಬಿಗಿತ ಇದರಿಂದ ಸಡಿಲಾಗಿ, ಉಕ್ಕಿನ ಕಣ ಸಣ್ಣದಾಗುತ್ತದೆ. ಇದನ್ನು ತಪ್ಪಿಸಿದ ಚಾಕುವೇ ಆಮೇಲೆ ಬಾಯಿ ಉದುರುವುದು.

ಹದಕ್ಕೆ ಅಯಸ್ಕಾಂತ ಒಂದು ಸಾಕು. ಅಲಗು ಕಾಯುತ್ತಾ ಹೋದಂತೆ 770 ಡಿಗ್ರಿ ಸುಮಾರಿಗೆ ಅಯಸ್ಕಾಂತಕ್ಕೆ ಅಂಟುವುದು ನಿಲ್ಲುತ್ತದೆ. ಅಲ್ಲಿಂದ ಇನ್ನೊಂದಿಷ್ಟು ಕಾಯಿಸಿ, ಬಣ್ಣ ಅಲಗಿನುದ್ದಕ್ಕೂ ಒಂದೇ ಆದಾಗ ಎಣ್ಣೆಗೆ ಇಳಿಸಬೇಕು. ಎಣ್ಣೆ ಐದು ಲೀಟರಿಗೆ ಕಡಿಮೆ ಬೇಡ, 50-60 ಡಿಗ್ರಿಗೆ ಬೆಚ್ಚಗೆ ಇರಲಿ. ತಣ್ಣನೆಯ ಎಣ್ಣೆ ಮಂದವಾಗಿದ್ದು ಶಾಖ ಬೇಗ ಎಳೆಯುವುದಿಲ್ಲ. ಸೇಂಗಾ ಎಣ್ಣೆ ಚೆನ್ನಾಗಿ ನಡೆಯುತ್ತದೆ. ಎಂಜಿನ್ನಿನಿಂದ ತೆಗೆದ ಕರಿ ಆಯಿಲ್ ಬೇಡ, ಅದರ ಹೊಗೆ ವಿಷ. ಅಲಗನ್ನು ಮೊನೆ ಕೆಳಗಾಗಿ ನೆಟ್ಟಗೆ ಇಳಿಸಿ, ಬಾಯಿ-ಬೆನ್ನಿನ ದಿಕ್ಕಿಗಷ್ಟೇ ಆಡಿಸಬೇಕು. ಪಕ್ಕಕ್ಕೆ ಆಡಿಸಿದರೆ ಬಾಗುತ್ತದೆ. ಡಬ್ಬಿಯ ಬಾಯಿ ಮುಚ್ಚುವ ತಗಡು ಕೈಗೆ ಸಿಗುವಂತೆ ಇರಲಿ, ಎಣ್ಣೆ ಹೊತ್ತಿಕೊಳ್ಳುವುದುಂಟು. ತಣಿದ ಅಲಗಿನ ಮೇಲೆ ಅರ ಉಜ್ಜಿದರೆ ಗಾಜಿನ ಮೇಲೆ ಜಾರಿದಂತೆ ಜಾರಬೇಕು. ಈಗ ಅದು ಗಾಜಿನಷ್ಟೇ ಬಿರುಸು, ಕೆಳಗೆ ಬಿದ್ದರೆ ಒಡೆದೀತು. ಮರುದಿನಕ್ಕೆ ಬಿಡದೆ ಆಗಲೇ ಮನೆಯ ಓವನ್ನಿನಲ್ಲಿ 200 ಡಿಗ್ರಿಗೆ ಒಂದೊಂದು ಗಂಟೆ, ಎರಡು ಸಲ ಇಡಬೇಕು. ಉಜ್ಜಿ ಬೆಳ್ಳಗೆ ಮಾಡಿದ ಜಾಗದಲ್ಲಿ ಒಣಹುಲ್ಲಿನ ತಿಳಿ ಬಣ್ಣ ಬರುತ್ತದೆ. ನೀಲಿಗೆ ತಿರುಗಿದರೆ 300 ಡಿಗ್ರಿ ಮುಟ್ಟಿದೆ. ಅದು ಸ್ಪ್ರಿಂಗಿಗೆ ಹದ, ಚಾಕುವಿಗೆ ಮೆತ್ತಗಾಯಿತು.

ಬಾಯಿ ಮಾಡಿಸಿದ ಮೇಲೆ ಪರೀಕ್ಷೆ ಹೀಗೆ: ಹಿತ್ತಾಳೆಯ ಸಣ್ಣ ಸರಳಿನ ಮೇಲೆ ಬಾಯಿಯನ್ನು ಓರೆಯಾಗಿ ಒತ್ತಿ ಎಳೆಯಿರಿ. ಬಾಯಿ ತುಸು ಬಾಗಿ ಮತ್ತೆ ನೆಟ್ಟಗಾದರೆ ಹದ ಕೂಡಿದೆ. ಬಾಗಿದ್ದು ಬಾಗಿಯೇ ಉಳಿದರೆ ಮೆತ್ತಗೆ, ಮತ್ತೆ ಕಾಯಿಸಿ ಎಣ್ಣೆಗೆ ಇಳಿಸಬೇಕು. ಚೂರು ಉದುರಿದರೆ ಬಿರುಸು ಹೆಚ್ಚು, ಇನ್ನೊಮ್ಮೆ 220 ಡಿಗ್ರಿಗೆ ಇಡಿ. ಇಷ್ಟನ್ನೆಲ್ಲ ಕೇಳಿಸಿಕೊಂಡು ಮಾಡಿಕೊಡುವ ಕಮ್ಮಾರರು ಸಿಕ್ಕರೆ ಅವರ ಕೂಲಿಯಲ್ಲಿ ಚೌಕಾಶಿ ಮಾಡಬೇಡಿ.

ಈ ಚಾಕುವಿನ ಒಂದೇ ತೊಂದರೆ ಜಂಗು. ಗದಗ, ನವಲಗುಂದದ ಒಣಹವೆಯಲ್ಲಿ ಒರೆಸಿ ಇಟ್ಟರೆ ತಿಂಗಳು ಕಳೆದರೂ ಏನೂ ಆಗದು. ಘಟ್ಟದಂಚಿನ ಜುಲೈ ತಿಂಗಳಲ್ಲಿ ಒಂದೇ ರಾತ್ರಿಗೆ ಕೆಂಪು ಚುಕ್ಕೆ ಏಳುತ್ತದೆ. ಉಳ್ಳಾಗಡ್ಡಿ, ನಿಂಬೆ, ಮಾವಿನಕಾಯಿ ಕೊಯ್ದ ಮೇಲೆ ಬರುವ ಬೂದು-ನೀಲಿ ಕಲೆಗೆ ಹೆದರಬೇಕಿಲ್ಲ, ಅದು ಇದ್ದಷ್ಟೂ ಕೆಂಪು ಜಂಗು ತಡವಾಗುತ್ತದೆ. ಒಂದು ಲಾಭವೂ ಇದೆ: ಇಂಗಾಲದ ಉಕ್ಕಿನ ಬೆನ್ನಿಗೆ ಚಕಮಕಿ ಕಲ್ಲು ಬಡಿದರೆ ಕಿಡಿ ಬರುತ್ತದೆ, ಸ್ಟೇನ್‌ಲೆಸ್ಸಿನಿಂದ ಹಾಗೆ ಬಾರದು.

ಅಂಗಡಿಯಲ್ಲಾಗಲಿ ಆನ್‌ಲೈನಿನಲ್ಲಾಗಲಿ ಬೇರೆ ಚಾಕು ನೋಡುವಾಗ ಉಕ್ಕಿನ ಹೆಸರು ಕೇಳಿ. ಬರೀ “ಸ್ಟೇನ್‌ಲೆಸ್ ಸ್ಟೀಲ್” ಎಂದು ಬರೆದಿದ್ದರೆ ಬಿಟ್ಟುಬಿಡಿ. 12ಸಿ27, 14ಸಿ28ಎನ್, 8ಸಿಆರ್13ಎಂಒವಿ, 440ಸಿ, 1095 ಇವೆಲ್ಲ ನಡೆಯುವ ಹೆಸರುಗಳು. 420ಜೆ2, 3ಸಿಆರ್13 ಜಂಗು ಹಿಡಿಯದ ಮೆತ್ತನೆಯ ಉಕ್ಕು, ಎರಡು ಹಗ್ಗ ಕೊಯ್ಯುವಷ್ಟರಲ್ಲಿ ಮೊಂಡ. “440” ಎಂದಿದ್ದು ಮುಂದೆ ಅಕ್ಷರವಿಲ್ಲದಿದ್ದರೆ ಒಳ್ಳೆಯ 440ಸಿ ಎಂದು ನಂಬಬೇಡಿ. ಅಯಸ್ಕಾಂತ ಅಂಟದ ಅಲಗು ಪಾತ್ರೆಯ ಉಕ್ಕಿನದು, ಅದಕ್ಕೆ ಹದವೇ ಹಿಡಿಯುವುದಿಲ್ಲ. ಆದರೆ ಅಂಟಿದ ಮಾತ್ರಕ್ಕೆ ಒಳ್ಳೆಯದೆಂದಲ್ಲ. ಡಮಾಸ್ಕಸ್ ಎಂದು ಅಲೆಅಲೆ ಚಿತ್ರ ತೋರಿಸುವ ಅಗ್ಗದ ಚಾಕುವಿನಲ್ಲಿ ಆ ಚಿತ್ರ ಆಸಿಡ್ಡಿನಿಂದ ಮೇಲೆ ಮೂಡಿಸಿದ್ದೂ ಇರಬಹುದು. ಅಲಗನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೆ ನೋಡಿ, ಸೊಟ್ಟ ಇದ್ದರೆ ತಿಳಿಯುತ್ತದೆ. ಬಾಯಿಯನ್ನು ದೀಪದ ಕೆಳಗೆ ಹಿಡಿಯಿರಿ. ಹರಿತ ಬಾಯಿ ಕಾಣುವುದಿಲ್ಲ, ಬೆಳ್ಳಗೆ ಮಿಂಚಿದ ಕಡೆ ಮೊಂಡ ಇದೆ. ಚಾಕು ಹಾಕಿದ ಒರೆಯನ್ನು ತಲೆಕೆಳಗೆ ಮಾಡಿ ನಾಲ್ಕು ಸಲ ಕೊಡವಿ. ಬಿದ್ದರೆ ಬೇಡ. ಪ್ಲಾಸ್ಟಿಕ್ ಒರೆಯ ತುದಿಯಲ್ಲಿ ನೀರು ಇಳಿಯಲು ತೂತು ಇರಬೇಕು.

ಕಾನೂನಿನ ಮಾತು ಈ ಸೀಮೆಯವರಿಗೆ ಬೇರೆಯವರಿಗಿಂತ ಹೆಚ್ಚು ಬೇಕು. ಆಯುಧ ನಿಯಮಗಳ ಹಿಡಿತಕ್ಕೆ ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಅಲಗು. ಮೇಲಿನ ಮೂರೂ ಅದರ ಅರ್ಧದಷ್ಟು. ತೊಡಕು ಇರುವುದು ಕಾಡಿನಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ “ಆಯುಧ” ಎಂಬ ಪದದಲ್ಲಿ ಚಾಕುವೂ ಸೇರಿದೆ, ಲಿಖಿತ ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಆಯುಧ ಒಯ್ಯುವಂತಿಲ್ಲ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮ 1974ರಿಂದಲೂ ಇದೆ. ಮೊದಲು ಹೊಲದ ಬದುವಿನಂತೆ ತಿರುಗುತ್ತಿದ್ದ ಜಾಗವೆಂದು ಸೊಂಟಕ್ಕೆ ಚಾಕು ಕಟ್ಟಿಕೊಂಡು ಹೋಗಬೇಡಿ. ಅರಣ್ಯ ಇಲಾಖೆಯ ಕಚೇರಿಯಲ್ಲಿ ಪ್ರವೇಶದ ಅನುಮತಿ ಕೇಳುವಾಗಲೇ ಚಾಕುವಿನ ಮಾತೂ ಕೇಳಿ, ಬೇಡವೆಂದರೆ ಮನೆಯಲ್ಲಿ ಬಿಡಿ. ಅಲ್ಲಿಯ ಒಂದು ಟೊಂಗೆಯನ್ನೂ ಕೊಯ್ಯುವ ಹಕ್ಕು ಹೇಗೂ ನಮಗಿಲ್ಲ. ಊರೊಳಗೆ, ಬಸ್ಸಿನಲ್ಲಿ ಚೀಲದ ತಳದಲ್ಲಿ ಒರೆಯೊಳಗೆ ಇರಲಿ. ನಿಷೇಧಾಜ್ಞೆ ಇರುವ ದಿನ ಹೊರಗೆ ತರುವುದೇ ಬೇಡ.

ಕಟ್ಟಿಗೆ ಸೀಳುವಾಗ ಅಲಗಿನ ಉದ್ದಕ್ಕಿಂತ 3-4 ಸೆಂ.ಮೀ. ಕಡಿಮೆ ದಪ್ಪದ ತುಂಡನ್ನೇ ಆರಿಸಿ. ಹೊರಗೆ ಉಳಿದ ಮೊನೆಯ ಕಡೆ ಬೆನ್ನಿನ ಮೇಲೆ ಕೋಲಿನಿಂದ ಹೊಡೆಯಬೇಕು. ಕಲ್ಲಿನಿಂದ, ಸುತ್ತಿಗೆಯಿಂದ ಎಂದಿಗೂ ಬೇಡ. ಗಂಟು ಇರುವ ಕಡೆ ಅಲಗು ತಿರುಚಿಕೊಳ್ಳುತ್ತದೆ, ಆಗ ತಿರುಗಿಸಿ ಬಿಡಿಸಲು ಹೋದವರ ಚಾಕುಗಳೇ ಹೆಚ್ಚಾಗಿ ಮುರಿಯುವುದು. ತುಂಡನ್ನು ತಲೆಕೆಳಗೆ ಮಾಡಿ ಮತ್ತೊಂದು ತುದಿಯಿಂದ ಬೆಣೆ ಹೊಡೆದು ಬಿಡಿಸಿ.

ಹರಿತ ಮಾಡುವುದಕ್ಕೆ ಈ ಚಾಕುಗಳನ್ನು ಬೀದಿಯ ಸಾಣೆಯವರ ಚಕ್ರಕ್ಕೆ ಕೊಡಬೇಡಿ. ನೀರಿಲ್ಲದ ಚಕ್ರದಲ್ಲಿ ಕಿಡಿ ಹಾರುವಾಗ ಬಾಯಿಯ ತೆಳು ಉಕ್ಕು ಕ್ಷಣದಲ್ಲಿ ನೀಲಿಗಟ್ಟುತ್ತದೆ, ಅಲ್ಲಿಗೆ ಹದ ಹೋಯಿತು. ಅಂದು ಹರಿತ ಇರುತ್ತದೆ, ಮೂರನೇ ದಿನ ಮೊಂಡ. 1000 ಮತ್ತು 3000 ನಂಬರಿನ (ನಂಬರು ಹೆಚ್ಚಿದಷ್ಟೂ ಕಲ್ಲು ನಯ) ಎರಡು ಮುಖದ ನೀರಿನ ಸಾಣೆಕಲ್ಲು ಒಂದಿದ್ದರೆ ಸಾಕು. ಬಾಯಿ ಚೂರು ಕಿತ್ತಿದ್ದರೆ ಮಾತ್ರ 400 ಬೇಕು. ಮೋರಾಕ್ನಿವ್ ಚಾಕುಗಳಂಥ ಸ್ಕ್ಯಾಂಡಿ ಅಲಗಿಗೆ ಕೋನ ಹುಡುಕುವ ಕಷ್ಟವಿಲ್ಲ. 5-6 ಮಿ.ಮೀ. ಅಗಲದ ಆ ಇಳಿಜಾರನ್ನು ಕಲ್ಲಿಗೆ ಸಪಾಟಾಗಿ ಕೂಡಿಸಿ, ಬುಡದಿಂದ ಮೊನೆಗೆ ತಳ್ಳಿ. ಒಂದು ಬದಿ ಉಜ್ಜಿದಾಗ ಇನ್ನೊಂದು ಬದಿಯಲ್ಲಿ ಉಗುರಿಗೆ ಸಿಗುವಂಥ ಸಣ್ಣ ಮಡಿಕೆ ಉದ್ದಕ್ಕೂ ಏಳಬೇಕು. ಏಳುವ ಮೊದಲೇ ಬದಿ ಬದಲಿಸುವುದು ಎಲ್ಲರೂ ಮಾಡುವ ತಪ್ಪು, ಎಷ್ಟು ಉಜ್ಜಿದರೂ ಹರಿತ ಬರಲಿಲ್ಲ ಎನ್ನುವವರಲ್ಲಿ ಹೆಚ್ಚಿನವರದು ಇದೇ ಕಥೆ. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಒಳಮೈ ಮೇಲೆ ಬೆನ್ನು ಮುಂದಾಗಿ ಇಪ್ಪತ್ತು ಸಲ ಎಳೆಯಿರಿ. ಒಣ ಜಾಲಿ ಅಥವಾ ಬಿದಿರು ಕೊಯ್ಯುವವರು 3000ದ ಕಲ್ಲಿನ ಮೇಲೆ ಬೆನ್ನನ್ನು ಕೊಂಚ ಎತ್ತಿ ಬದಿಗೆ ಎರಡೆರಡು ಸಲ ಹಗುರ ಎಳೆದರೆ ಬಾಯಿ ಉದುರುವುದು ನಿಲ್ಲುತ್ತದೆ.

ಚರ್ಮದ ಒರೆ ಚೆಂದ, ಒಯ್ಯಲು ಬಳಸಿ. ಆದರೆ ಚಾಕುವನ್ನು ಅದರಲ್ಲೇ ಇಟ್ಟು ಮರೆಯಬೇಡಿ, ಚರ್ಮ ತೇವ ಹಿಡಿದು ಅಲಗನ್ನು ತಿನ್ನುತ್ತದೆ. ಅಲಗಿಗೆ ಹಚ್ಚಲು ಕೊಬ್ಬರಿ ಎಣ್ಣೆ ಅಥವಾ ಹೊಲಿಗೆ ಯಂತ್ರದ ಎಣ್ಣೆ, ಎರಡು ಹನಿ, ಬಟ್ಟೆಯಿಂದ ಒರೆಸಿ ಬಿಟ್ಟಷ್ಟು ತೆಳ್ಳಗೆ. ಆಹಾರ ಕೊಯ್ಯುವುದಿದ್ದರೆ ಕೊಬ್ಬರಿ ಎಣ್ಣೆಯೇ ಇರಲಿ. ಅಡುಗೆಮನೆಯಲ್ಲಿ ಇದೆಯೆಂದು ಕುಸುಬಿ ಎಣ್ಣೆ ಹಚ್ಚಬೇಡಿ, ಅದು ಗಾಳಿಗೆ ಒಣಗಿ ಗೋಂದಿನಂತಾಗುತ್ತದೆ. ಹಾಗೆ ಒಣಗುವ ಗುಣವೇ ಕಟ್ಟಿಗೆಯ ಹಿಡಿಕೆಗೆ ಬೇಕಾದದ್ದು. ಕುಲುಮೆಯ ಚಾಕುವಿನ ಹಿಡಿಕೆ ಬೇಸಿಗೆಯಲ್ಲಿ ಕುಗ್ಗಿ ರಿವೆಟ್ಟಿನ ಸುತ್ತ ಸಡಿಲಾಗದಂತೆ, ಅಗಸಿ ಎಣ್ಣೆಯನ್ನು ದಿನಕ್ಕೊಂದು ಸಲ ಮೂರು ದಿನ ತೆಳ್ಳಗೆ ತಿಕ್ಕಿ, ಹೆಚ್ಚಿದ್ದನ್ನು ಒರೆಸಿ ನೆರಳಲ್ಲಿ ಆರಿಸಿ. ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬೇಡಿ, ಅಗಸಿ ಎಣ್ಣೆಯ ಬಟ್ಟೆ ತಾನಾಗಿಯೇ ಕಾದು ಹೊತ್ತಿಕೊಳ್ಳುತ್ತದೆ. ನೀರಿನಲ್ಲಿ ನೆನೆಸಿ, ಹಗ್ಗದ ಮೇಲೆ ಬಿಡಿಸಿ ಒಣಹಾಕಿ.